ಕಿರ್ಲೋಸ್ಕರವಾಡಿ: ರೆಂಟೆಯಿಂದ ಬೆಳೆದ ಊರು

ಕೃಷ್ಣಾ ಮೇಲ್ದಂಡೆ ಯೋಜನೆಯ ಕ್ಯಾಂಪ್ ಆಗಿ ಬೆಳೆದ ನಮ್ಮ ಕಲ್ಯಾಣ ಕರ್ನಾಟಕದ ಭೀಮರಾಯನಗುಡಿಯಲ್ಲಿ ಕೆಲಸ ಮೊದಲು ಬಂತು, ಊರು ಆಮೇಲೆ. ಇದೇ ಕೃಷ್ಣೆಯ ಸೀಮೆಯ ಮೇಲ್ಭಾಗದಲ್ಲಿ, ಈಗಿನ ಸಾಂಗ್ಲಿ ಜಿಲ್ಲೆಯಲ್ಲಿ, ಹೀಗೆಯೇ 1910ರಲ್ಲಿ ಹುಟ್ಟಿದ ಊರು ಕಿರ್ಲೋಸ್ಕರವಾಡಿ. ಕಟ್ಟಿದವರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರ್.

ಚಿತ್ರಕಲೆ ಕಲಿಯಲು ಮುಂಬೈಗೆ ಹೋದ ಅವರಿಗೆ ಬಣ್ಣಗಳ ಭೇದ ಸರಿಯಾಗಿ ತಿಳಿಯುತ್ತಿರಲಿಲ್ಲ. ಕುಂಚ ಬಿಟ್ಟು ಯಂತ್ರಗಳ ನಕ್ಷೆ ಬಿಡಿಸುವುದನ್ನು ಕಲಿತರು, ಕಲಿಸಿದರು. ಬೆಳಗಾವಿಯಲ್ಲಿ ಅಣ್ಣನೊಂದಿಗೆ ಸೈಕಲ್ ಅಂಗಡಿ ನಡೆಸಿದರು. ಮೇವು ಕತ್ತರಿಸುವ ಯಂತ್ರದ ನಂತರ ಕಬ್ಬಿಣದ ರೆಂಟೆ ಮಾಡಿದರು. ಕಬ್ಬಿಣ ತಾಗಿದರೆ ಭೂಮಿಗೆ ನಂಜೇರುತ್ತದೆ ಎಂದು ರೈತರು ಹಿಂಜರಿದರು. ಮೊದಲ ರೆಂಟೆಗಳು ಬಹುಕಾಲ ಮಾರಾಟವಾಗದೆ ಹಾಗೇ ಉಳಿದವು. ಎರೆಹೊಲದ ಆಳಕ್ಕಿಳಿದು ಕರಿಕೆಯನ್ನು ಬೇರುಸಹಿತ ಮೇಲೆತ್ತುವುದನ್ನು ಕಣ್ಣಾರೆ ಕಂಡ ಮೇಲೆಯೇ ನಂಬಿಕೆ ಬಂತು.

ಅಷ್ಟರಲ್ಲಿ ಹೊಸ ಬಡಾವಣೆಗಾಗಿ ಬೆಳಗಾವಿಯ ಕಾರ್ಖಾನೆಯ ಜಾಗ ಬಿಡಬೇಕಾಯಿತು. ಔಂಧ ಸಂಸ್ಥಾನದ ದೊರೆ ಬಾಳಾಸಾಹೇಬ ಪಂತ ಪ್ರತಿನಿಧಿ ಕುಂಡಲ್ ರೋಡ್ ರೈಲು ನಿಲ್ದಾಣದ ಬಳಿ 32 ಎಕರೆ ಭೂಮಿ ಕೊಟ್ಟರು, 10,000 ರೂಪಾಯಿ ಸಾಲವನ್ನೂ ಕೊಟ್ಟರು. ಪಾಪಾಸುಕಳ್ಳಿ, ನಾಗರಹಾವುಗಳ ಬರಡು ನೆಲವದು. ಸುಮಾರು 25 ಕೆಲಸಗಾರರು ಕುಟುಂಬಸಮೇತ ಬಂದಿಳಿದರು.

ಕಿರ್ಲೋಸ್ಕರವಾಡಿಯ ವಾಸ್ತುವಿನ ಹೆಚ್ಚುಗಾರಿಕೆ ಕಾಣುವುದು ಅದರ ವಿನ್ಯಾಸದಲ್ಲಿ. ರೈಲು ಹಳಿ, ಕಾರ್ಖಾನೆ, ಮನೆಗಳು ಒಂದಕ್ಕೊಂದು ನಡೆದುಹೋಗುವಷ್ಟು ಹತ್ತಿರ. ಕಚ್ಚಾ ಕಬ್ಬಿಣ ಬರಲು, ರೆಂಟೆ ಹೊರಡಲು ಹಳಿ ಬೇಕಿತ್ತು. ಕುಶಲ ಕೆಲಸಗಾರರು ಬಯಲಲ್ಲಿ ನೆಲೆ ನಿಲ್ಲಲು ಮನೆ, ನೀರು, ಶಾಲೆ ಬೇಕಿತ್ತು. ಮಾಲೀಕರ ಸಂಸಾರವೂ ಅಲ್ಲೇ ಬದುಕಿತು. ಅಸ್ಪೃಶ್ಯತೆಗೆ ಇಲ್ಲಿ ಜಾಗವಿಲ್ಲ ಎಂಬುದು ಲಕ್ಷ್ಮಣರಾವ್ ಅವರ ನಿಲುವು. ಜೈಲು ಕಂಡು ಬಂದವರನ್ನೇ ನಂಬಿ ಕಾವಲಿಗೆ ನೇಮಿಸಿದರು. 1920ರಲ್ಲಿ ಇಲ್ಲಿಂದಲೇ ಹೊರಟ ‘ಕಿರ್ಲೋಸ್ಕರ್ ಖಬರ್’ ಮುಂದೆ ಮರಾಠಿಯ ಹೆಸರಾಂತ ಮಾಸಿಕವಾಯಿತು.

ಮೊದಲ ಮಹಾಯುದ್ಧದಲ್ಲಿ ಕಬ್ಬಿಣ ಸಿಗದಾದಾಗ ಕೊಲ್ಹಾಪುರದ ಶಾಹು ಮಹಾರಾಜರು ಹಳೆಯ ಫಿರಂಗಿಗಳನ್ನು ಒದಗಿಸಿದರು. ಅವು ಕುಲುಮೆಯಲ್ಲಿ ಕರಗಿ ರೆಂಟೆಗಳಾದವು.

ಕುಂಡಲ್ ರೋಡ್ ನಿಲ್ದಾಣದ ಹೆಸರು ಈಗ ಕಿರ್ಲೋಸ್ಕರವಾಡಿ. ಕಾರ್ಖಾನೆ ಪಂಪುಗಳನ್ನು ತಯಾರಿಸುತ್ತಿದೆ. ಕಲ್ಯಾಣ ಕರ್ನಾಟಕಕ್ಕೆ ಕೈಗಾರಿಕೆ ಬೇಕೆಂದು ನಾವೆಲ್ಲ ಕೇಳುತ್ತೇವೆ. ಕೇಳುವಾಗ ಯಂತ್ರದ ಜೊತೆಗೆ ಕೆಲಸಗಾರನ ಮನೆಯನ್ನೂ, ಅವನ ಮಕ್ಕಳ ಶಾಲೆಯನ್ನೂ ಒಂದೇ ನಕ್ಷೆಯಲ್ಲಿ ಕೇಳಬೇಕು. ದುಡಿಯುವವರು ಬೇರೂರಿದ ಕಡೆ ಮಾತ್ರ ಕಾರ್ಖಾನೆ ನೂರು ವರ್ಷ ಬಾಳುತ್ತದೆ.