ತಿರುಪಿನ ಬಿಗಿತ

ವಿಜಯಪುರದ ಮನೆಗಳಲ್ಲಿಯೂ ತಿಕೋಟಾ, ಬಬಲೇಶ್ವರಗಳ ದ್ರಾಕ್ಷಿತೋಟಗಳ ಪಂಪಿನ ಪೆಟ್ಟಿಗೆಗಳಲ್ಲಿಯೂ ತಂತಿಯ ಸಂದು ಕಾದು ಕರಕಾಗುವುದುಂಟು. ಸಡಿಲವಾದ ತಿರುಪೇ ಇದಕ್ಕೆ ಬಹುಮಟ್ಟಿಗೆ ಕಾರಣವು. ಹಾಗೆಂದು ಬಲವಿದ್ದಷ್ಟೂ ಬಿಗಿಯುವುದು ಸರಿಯಲ್ಲವೆಂದು ನಾವು ಹೇಳುವೆವು.

ಒಂದೊಂದು ಲೋಹಕ್ಕೆ ಒಂದೊಂದು ಗುಣ. ನೂರು ಡಿಗ್ರಿ ಶಾಖವೇರಿದರೆ ಮೀಟರುದ್ದದ ತಾಮ್ರವು ಸುಮಾರು 1.7 ಮಿಲಿಮೀಟರು, ಅಲ್ಯೂಮಿನಿಯಮ್ಮು 2.3 ಮಿಲಿಮೀಟರು ಹಿಗ್ಗುವುವು. ಅಲ್ಯೂಮಿನಿಯಮ್ಮು ಮೆತ್ತನೆಯದಾದುದರಿಂದ ಅತಿಯಾಗಿ ಅದುಮಿದರೆ ನಜ್ಜಾಗಿ, ಕಾದು ಆರುವಾಗ ಸಂದು ಮತ್ತೆ ಸಡಿಲವಾಗುವುದು. ಗಾಳಿ ಸೋಕಿದೊಡನೆ ಅದರ ಮೇಲೆ ವಿದ್ಯುತ್ತನ್ನು ತಡೆಯುವ ಪೊರೆಯೂ ಕಟ್ಟುವುದು.

ಆದುದರಿಂದ ಇವೆರಡನ್ನು ನೇರವಾಗಿ ಹೊಸೆಯದೆ, ಎರಡಕ್ಕೂ ಒಪ್ಪುವ ಲಗ್ಗಿನಿಂದ ಕೂಡಿಸಿ, ಬಿಗಿತದ ಅಳತೆ ತೋರುವ ಪಾನಾದಿಂದ ತಯಾರಕರು ಸೂಚಿಸಿದಷ್ಟೇ ಬಿಗಿಯಬೇಕು. ಮೇನ್ ಸ್ವಿಚ್ಚನ್ನು ಬಂದುಮಾಡಿ, ಪರವಾನಗಿಯುಳ್ಳ ಮಿಸ್ತ್ರಿಯಿಂದಲೇ ಇದನ್ನು ಮಾಡಿಸತಕ್ಕದ್ದು. ಬೇಸಗೆಯಲ್ಲಿ ಬಳ್ಳಿಗೆ ನೀರು ನಿಲ್ಲದಿರುವುದೂ ಮನೆಗೆ ಕಿಡಿ ಹಾರದಿರುವುದೂ ಈ ಅಲ್ಪ ತಿರುಪನ್ನೇ ನೆಚ್ಚಿವೆ.