ಮಗು ಅತ್ತ ಮೇಲಿನ ಎರಡು ಗಂಟೆ

ಕೆ.ಆರ್. ಮಾರ್ಕೆಟ್ಟಿನ ಹೂವಿನ ರಾಶಿ, ತಳ್ಳುಗಾಡಿ, ಬಸ್ಸುಗಳ ಗದ್ದಲ ದಾಟಿ ಕೋಟೆಯ ಕಡೆ ತಿರುಗಿದರೆ ಬೆಂಗಳೂರಿನ ಎರಡು ಹಳೆಯ ಸರ್ಕಾರಿ ಆಸ್ಪತ್ರೆಗಳು ಅಕ್ಕಪಕ್ಕದಲ್ಲೇ ಇವೆ. ವಿಕ್ಟೋರಿಯಾ 1900ರದು, ವಾಣಿ ವಿಲಾಸ 1935ರದು. ಮಗ ನಾಲ್ವಡಿ ಕೃಷ್ಣರಾಜ ಒಡೆಯರು ಪ್ರಾಯಕ್ಕೆ ಬರುವವರೆಗೆ ಮೈಸೂರಿನ ಆಡಳಿತ ನಡೆಸಿದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರ ಹೆಸರನ್ನೇ ಈ ಎರಡನೆಯದಕ್ಕೆ ಇಟ್ಟಿದ್ದಾರೆ. ಹಿರಿಯೂರು ಬಳಿಯ ಮಾರಿಕಣಿವೆ ಅಣೆಕಟ್ಟಿಗೂ ಅವರದೇ ಹೆಸರು.

ವಾಣಿ ವಿಲಾಸದ ಗೇಟಿನ ಒಳಗೆ ಅಜ್ಜಿಯರದೇ ರಾಜ್ಯ. ಕೈಯಲ್ಲಿ ಫ್ಲಾಸ್ಕು, ಮಗುವಿಗೆಂದು ಒಗೆದು ಮಡಿಸಿಟ್ಟ ಹಳೇ ಸೀರೆಯ ತುಂಡುಗಳು, ಪ್ಲಾಸ್ಟಿಕ್ ಕವರಿನಲ್ಲಿ ತಾಯಿ ಕಾರ್ಡು. ಗಂಡಸರು ಫೋನು ಹಿಡಿದು ದೂರ ನಿಂತಿರುತ್ತಾರೆ. ಬಾಗಿಲು ತೆರೆದಾಗಲೆಲ್ಲ ಕೇಳಿಬರುವುದು ಒಂದೇ ಪ್ರಶ್ನೆ: "ಏನಾಯ್ತು ಸಿಸ್ಟರ್, ಯಾವ ಮಗು?" ತಾಯಿ ಹೇಗಿದ್ದಾಳೆ ಎಂಬುದು ಆಮೇಲಿನ ಮಾತು.

ಅನುಮತಿ ಪಡೆದು, ಚಪ್ಪಲಿ ಬದಲಿಸಿ, ಗೌನು ತೊಟ್ಟು ಲೇಬರ್ ವಾರ್ಡಿನ ಗೋಡೆಗೆ ಒರಗಿ ನಿಂತೆ. ಫೋಟೊ ತೆಗೆಯುವಂತಿಲ್ಲ, ಯಾರ ಹೆಸರೂ ಬರೆಯುವಂತಿಲ್ಲ. ಆ ನಿಯಮ ಸರಿಯಾದದ್ದೇ. ಇಲ್ಲಿ ಕನ್ನಡದ ಜೊತೆಗೆ ತೆಲುಗು, ತಮಿಳು, ಉರ್ದು, ಹಿಂದಿ ಎಲ್ಲವೂ ಕಿವಿಗೆ ಬೀಳುತ್ತವೆ. ನೋವು ತಿನ್ನುವ ಹುಡುಗಿಗೆ ಹೇಳಬೇಕಾದ ನಾಲ್ಕು ಮಾತು ಸಿಸ್ಟರ್‌ಗಳಿಗೆ ಎಲ್ಲ ಭಾಷೆಯಲ್ಲೂ ಬಾಯಿಪಾಠ. "ಈಗ್ಲೇ ಬೇಡ, ಬಾಯಿಂದ ಉಸಿರು ಬಿಡು... ಹಾಂ, ಈಗ ಮುಕ್ಕು. ಕಿರುಚ್ಬೇಡ ಕಣಮ್ಮಾ, ಆ ಶಕ್ತೀನ ಕೆಳಗೆ ಹಾಕು. ತಲೆ ಕಾಣ್ತಿದೆ."

ಹೊರಗಿನವರು ಕಲ್ಪಿಸಿಕೊಳ್ಳುವ ಹೆರಿಗೆ ಇಷ್ಟೇ. ಇದಕ್ಕೂ ಮುಂಚಿನ ಗಂಟೆಗಳು ಕಾಗದದ ಮೇಲಿವೆ. ಪಾರ್ಟೊಗ್ರಾಫ್ ಎಂಬ ಹಾಳೆಯಲ್ಲಿ ಮಗುವಿನ ಎದೆಬಡಿತ, ನೋವಿನ ಲೆಕ್ಕ, ಗರ್ಭಕೋಶದ ಬಾಯಿ ಎಷ್ಟು ಸೆಂಟಿಮೀಟರ್ ತೆರೆದಿದೆ ಎಂಬುದು ಚುಕ್ಕಿ ಚುಕ್ಕಿಯಾಗಿ ಏರುತ್ತದೆ. ಎದೆಬಡಿತ ಕೇಳುವುದು ಅರ್ಧ ಗಂಟೆಗೊಮ್ಮೆ, ಮುಕ್ಕುವ ಹೊತ್ತಿಗೆ ಐದು ನಿಮಿಷಕ್ಕೊಮ್ಮೆ. ಗೆರೆ ದಾರಿ ತಪ್ಪಿದರೆ ಡಾಕ್ಟರನ್ನು ಕರೆಯಬೇಕು. ಕರೆಯುವ ಆ ಗಳಿಗೆಯನ್ನು ಗುರುತಿಸುವವಳು ನರ್ಸ್.

ಮಗು ಅತ್ತಿತು. ತಾಯಿಯ ಹೊಟ್ಟೆಯ ಮೇಲೆಯೇ ಇಟ್ಟು ಒರೆಸಿದರು. ಆಮೇಲೆ ಎತ್ತಿ ಅವಳ ಮುಖದ ಮುಂದೆ ಹಿಡಿದು, "ಯಾವ ಮಗು, ನೀನೇ ನೋಡಿ ಹೇಳು" ಎಂದರು. ಅವಳು ಬಾಯಿಬಿಟ್ಟು "ಹೆಣ್ಣು" ಎನ್ನುವವರೆಗೆ ಬಿಡಲಿಲ್ಲ. ಮಗು ಬದಲಾಯಿತು ಎಂಬ ತಂಟೆಗೆ ಮದ್ದು ಅದು. ಪಾದದ ಗುರುತು ಕೇಸ್ ಶೀಟಿಗೆ, ತಾಯಿಯದೇ ಹೆಸರಿನ ಪಟ್ಟಿ ಮಗುವಿನ ಕೈಗೆ.

ಅಲ್ಲಿದ್ದವರ ಕಣ್ಣೆಲ್ಲ ಮಗುವಿನ ಮೇಲೆ, ನನ್ನದೂ ಸಹ. ಒಬ್ಬ ಸಿಸ್ಟರ್ ಮಾತ್ರ ಆ ಕಡೆ ತಿರುಗಿರಲಿಲ್ಲ. ಒಂದು ನಿಮಿಷದೊಳಗೆ ತಾಯಿಯ ತೊಡೆಗೆ 10 ಯೂನಿಟ್ ಆಕ್ಸಿಟೋಸಿನ್ ಚುಚ್ಚಿದ್ದಾಯಿತು. ಮಾಸು ಬಿತ್ತು. ಅದನ್ನು ಟ್ರೇಯಲ್ಲಿ ಹರಡಿ, ಚೂರೇನಾದರೂ ಒಳಗೆ ಉಳಿದಿದೆಯೇ ಎಂದು ಅಂಚಿನುದ್ದಕ್ಕೂ ಬೆರಳಾಡಿಸಿ ನೋಡಿದರು. ಮತ್ತೆ ಅಂಗೈಯನ್ನು ಹೊಕ್ಕುಳ ಕೆಳಗೆ ಒತ್ತಿ ಗರ್ಭಕೋಶವನ್ನು ಹುಡುಕಿ ತಿಕ್ಕತೊಡಗಿದರು. "ಕ್ರಿಕೆಟ್ ಚೆಂಡು ಸಿಕ್ಕಂಗೆ ಕೈಗೆ ಗಟ್ಟಿ ಸಿಗಬೇಕು. ಮೆತ್ತಗಿದ್ರೆ ನಮಗೆ ಭಯ," ಎಂದರು, ಕೈ ತೆಗೆಯದೆ.

ಭಯಕ್ಕೆ ಕಾರಣವಿದೆ. ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತದೆ. ಮಾಸು ಕಳಚಿದ ಜಾಗದ ರಕ್ತನಾಳಗಳನ್ನು ಹಿಂಡಿ ಮುಚ್ಚುವುದು ಗರ್ಭಕೋಶದ ಸ್ನಾಯುವೇ. ಅದು ಸಡಿಲಗೊಂಡರೆ ಮಗುವಿಗೆ ಹೆಸರು ಹುಡುಕುತ್ತಿರುವಾಗಲೇ ತಾಯಿ ಕೈತಪ್ಪಬಹುದು. ಹೀಗಾಗಿ ಎರಡು ಗಂಟೆಯವರೆಗೆ ಹದಿನೈದು ನಿಮಿಷಕ್ಕೊಮ್ಮೆ ನಾಡಿ, ಬಿ.ಪಿ., ಹೊಟ್ಟೆಯ ಮೇಲೆ ಕೈ, ಪ್ಯಾಡು ಎಷ್ಟು ನೆನೆದಿದೆ ಎಂಬ ನೋಟ. ನೋಡುವವರಿಗೆ ಬೇಸರ ಬರಿಸುವ ಕೆಲಸ. ನನ್ನನ್ನು ಕೇಳಿದರೆ ಇಡೀ ಆಸ್ಪತ್ರೆಯಲ್ಲಿ ಇದಕ್ಕಿಂತ ದೊಡ್ಡ ಕೆಲಸವಿಲ್ಲ.

ಈ ವಿದ್ಯೆಗೆ ನಮ್ಮ ನಾಡಿನ ಕೊಡುಗೆಯೂ ಇದೆ. 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಅಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು 1,620 ತಾಯಂದಿರ ಮೇಲೆ ಒಂದು ಅಧ್ಯಯನ ನಡೆಸಿದರು. ಹೆರಿಗೆಯಾದ ಕೂಡಲೇ ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿದವರಲ್ಲಿ ಅತಿ ರಕ್ತಸ್ರಾವ ಶೇ 12ರಿಂದ ಶೇ 6.4ಕ್ಕೆ ಇಳಿಯಿತು. ಆ ಮಾತ್ರೆ ಕೊಟ್ಟವರು, ಹೋದ ರಕ್ತವನ್ನು ಅಳತೆಯ ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದು ಅಳೆದವರು ಹಳ್ಳಿಯ ಎ.ಎನ್.ಎಂ. ಸಿಸ್ಟರ್‌ಗಳು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. 2004–06ರಲ್ಲಿ ಕರ್ನಾಟಕದಲ್ಲಿ ಲಕ್ಷ ಜನನಕ್ಕೆ 213 ತಾಯಂದಿರು ಸಾಯುತ್ತಿದ್ದರು; 2018–20ಕ್ಕೆ ಅದು 69. ಇದರ ಹಿಂದೆ 108 ಆಂಬುಲೆನ್ಸ್, ರಕ್ತನಿಧಿ, ಕಬ್ಬಿಣಾಂಶದ ಮಾತ್ರೆ ಎಲ್ಲವೂ ಇವೆ. ಹೊಟ್ಟೆಯ ಮೇಲಿಟ್ಟ ಆ ಕೈಯೂ ಇದೆ.

ಬಾಣಂತಿಯರ ವಾರ್ಡಿನಲ್ಲಿ ಕಥೆ ಬೇರೆ. ಇಲ್ಲಿ ಸಿಸ್ಟರ್ ಎದುರಿಸಬೇಕಾದದ್ದು ಅಜ್ಜಿಯರನ್ನು. ಒಬ್ಬರು ಸೆರಗಿನ ಮರೆಯಲ್ಲಿ ಜೇನಿನ ಶೀಸೆ ತೆಗೆದರು. "ಅಜ್ಜೀ, ಅದು ಒಳಗಿಡಿ. ಗಿಣ್ಣುಹಾಲು ಬರ್ತಿದೆ, ಅದೇ ಸಾಕು." "ನಾನು ಐದು ಹೆತ್ತಿದೀನಿ ಕಣಮ್ಮ." "ಹೆತ್ತಿದ್ದೀರಿ ಅಂತಾನೇ ನಿಮ್ಮ ಹತ್ರ ಸಹಾಯ ಕೇಳ್ತಿರೋದು, ಈ ದಿಂಬು ಹಿಡ್ಕೊಳ್ಳಿ." ಶೀಸೆ ಚೀಲ ಸೇರಿತು. ಹಾಲು ಕಚ್ಚದ ಮಗುವಿನ ಗಲ್ಲ ತಾಗಿಸಿ, ಬಾಯಿ ಅಗಲವಾಗುವವರೆಗೆ ಕಾದು ಎದೆಗೆ ಹಚ್ಚುವುದಕ್ಕೆ ತಾಳ್ಮೆ ಬೇಕು. ಹಾಲೇ ಸಿಗದ ನವಜಾತ ಶಿಶುಗಳಿಗಾಗಿ 2022ರಲ್ಲಿ ಇದೇ ಆಸ್ಪತ್ರೆಯಲ್ಲಿ 'ಅಮೃತಧಾರೆ' ಎಂಬ ಎದೆಹಾಲಿನ ಬ್ಯಾಂಕ್ ಶುರುವಾಗಿದೆ.

ನರ್ಸ್‌ಗಳನ್ನು ದೇವತೆ ಮಾಡಲು ನಾನು ಹೊರಟಿಲ್ಲ. ನಮ್ಮ ದೇಶದ ಹೆರಿಗೆ ಕೋಣೆಗಳಲ್ಲಿ ಬೈಗುಳ, ಏಟು, ಗಂಡಾದರೆ ಇಷ್ಟು ಹೆಣ್ಣಾದರೆ ಇಷ್ಟು ಎಂಬ ವಸೂಲಿ ನಡೆದದ್ದುಂಟು. 2017ರಲ್ಲಿ ಕೇಂದ್ರ ಸರ್ಕಾರ 'ಲಕ್ಷ್ಯ' ಕಾರ್ಯಕ್ರಮ ತಂದು ತಾಯಿಯನ್ನು ಗೌರವದಿಂದ ನಡೆಸಿಕೊಳ್ಳಬೇಕೆಂದು ಬರೆದು ಹೇಳಬೇಕಾಗಿ ಬಂದದ್ದು ಸುಮ್ಮನೆ ಅಲ್ಲ. ಹಾಗೆಯೇ, ಒಂದು ಹೆರಿಗೆ ಮೇಜಿಗೆ ಒಬ್ಬ ನರ್ಸ್ ಇರಬೇಕೆಂಬ ನಿಯಮ ಪುಸ್ತಕದಲ್ಲಿದ್ದು, ಒಬ್ಬಳೇ ಮೂರು ಮೇಜು ನೋಡುವ ರಾತ್ರಿಗಳೂ ಉಂಟು. ಹನ್ನೆರಡು ಗಂಟೆಯ ನೈಟ್ ಡ್ಯೂಟಿಯಲ್ಲಿ ಕೂರಲು ಪುರುಸೊತ್ತಿಲ್ಲದವಳಿಂದ ಮೃದು ಮಾತನ್ನೂ ನಿರೀಕ್ಷಿಸುವ ನಾವು ಆ ಹುದ್ದೆಗಳನ್ನು ತುಂಬಿ ಎಂದು ಸರ್ಕಾರವನ್ನು ಕೇಳುವುದೇ ಇಲ್ಲ.

ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು. ನಾಡು ಅವರ ಹೆಸರು ಮರೆತಿಲ್ಲ. ನಮ್ಮ ಮಕ್ಕಳನ್ನು ಎತ್ತಿಕೊಂಡ ಸ್ಟಾಫ್ ನರ್ಸ್‌ಗಳ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಡಿಸ್ಚಾರ್ಜ್ ದಿನ ಪೇಡೆ ಹಂಚುವ ಗಡಿಬಿಡಿಯಲ್ಲಿ ಸಿಸ್ಟರ್ ಒಂದು ಪಟ್ಟಿ ಹೇಳುತ್ತಾರೆ: ಒಂದು ಗಂಟೆಯಲ್ಲಿ ಪ್ಯಾಡು ಪೂರ್ತಿ ನೆನೆದರೆ, ಜ್ವರ ಬಂದರೆ, ತಲೆನೋವಿನ ಜೊತೆ ಕಣ್ಣು ಮಂಜಾದರೆ, ಫಿಟ್ಸ್ ಬಂದರೆ ಕಾಯಬೇಡಿ, 108ಕ್ಕೆ ಫೋನು ಮಾಡಿ. ಪೇಡೆ ಆಮೇಲೆ ಹಂಚಬಹುದು. ಗಂಡ, ಅತ್ತೆ, ಅಮ್ಮ ಎಲ್ಲರೂ ನಿಂತು ಮೊದಲು ಅದನ್ನು ಕೇಳಿಸಿಕೊಳ್ಳಿ, ಹೇಳಿದವರ ಹೆಸರನ್ನೂ ಕೇಳಿಕೊಳ್ಳಿ.