ಸಂಡೂರಿಗೆ ಎರಡು ಶಿಫ್ಟ್

ನುಡಿ ತಂತ್ರಾಂಶದಲ್ಲಿ ‘ವಿಜಯನಗರ’ ಎಂದು ಟೈಪ್ ಮಾಡಿ ನೋಡಿ. ಏಳು ಕೀಲಿ, ಒಂದೇ ಓಟ. ‘ಹಂಪಿ’ಗೆ ನಾಲ್ಕೇ ಕೀಲಿ, ಆದರೆ ಸೊನ್ನೆಗಾಗಿ ಶಿಫ್ಟ್ ಹಿಡಿದು ‘ಎಂ’ ಒತ್ತಬೇಕು. ಕಂಪ್ಲಿಗೂ ಅದೇ ಸೊನ್ನೆ. ಹೊಸಪೇಟೆಯ ‘ಪೇ’ ದೀರ್ಘ, ಅಲ್ಲೊಂದು ಶಿಫ್ಟ್. ಸಂಡೂರಿಗೆ ಎರಡು. ತುಂಗಭದ್ರಾ ದಾಟುವಷ್ಟರಲ್ಲಿ ಕಿರುಬೆರಳು ಮೂರು ಸಲ ಕೆಳಗಿಳಿದಿರುತ್ತದೆ.

ಈ ಕೀಲಿಮಣೆ ವಿನ್ಯಾಸ ಕೆ.ಪಿ. ರಾವ್ ಅವರದು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಗೌರವ ಪಡೆದವರು. ಇಂಗ್ಲಿಷಿನ 26 ಕೀಲಿಗಳಲ್ಲೇ ಇಡೀ ಕನ್ನಡ ವರ್ಣಮಾಲೆಯನ್ನು ಕೂರಿಸಿದ್ದು ಅವರ ಜಾಣ್ಮೆ: ಅಲ್ಪಪ್ರಾಣಕ್ಕೆ ಬರೀ ಕೀಲಿ, ಮಹಾಪ್ರಾಣಕ್ಕೆ ಅದರ ಜೊತೆ ಶಿಫ್ಟ್, ಒತ್ತಕ್ಷರಕ್ಕೆ ನಡುವೆ ‘ಎಫ್’. ಕನ್ನಡ ಗಣಕ ಪರಿಷತ್ತು ಇದನ್ನೇ ನುಡಿಗೆ ಅಳವಡಿಸಿತು. ಲಿನಕ್ಸ್‌ನಲ್ಲಿ ಪರಿಷತ್ತಿನ ಹೆಸರನ್ನೇ ಮೊಟಕಾಗಿಸಿ ‘ಕಗಪ’ ಎಂದಿದ್ದಾರೆ. ವಿಂಡೋಸ್ ತಾನಾಗಿ ಕೊಡುವ ಇನ್‌ಸ್ಕ್ರಿಪ್ಟ್‌ನಲ್ಲಾದರೆ ಹಂಪಿ ಎಂದರೆ ಯು, ಎಕ್ಸ್, ಎಚ್, ಎಫ್! 2019ರಲ್ಲಿ ವಿಂಡೋಸ್ 10ಕ್ಕೆ ಕನ್ನಡ ಫೋನೆಟಿಕ್ ಕೀಲಿಮಣೆಯೂ ಸೇರಿತು. ಆದರೆ ನುಡಿಗೆ ಪಳಗಿದ ಕೈಗೆ ಅದು ಒಗ್ಗುವುದಿಲ್ಲ.

ಅಂದಮೇಲೆ ಕನ್ನಡ ಟೈಪಿಸ್ಟರ ಮುಖ್ಯ ಕೀಲಿ ಶಿಫ್ಟ್. ಅದನ್ನು ಸತತ ಐದು ಸಲ ಒತ್ತಿದರೆ ವಿಂಡೋಸ್ ‘ಸ್ಟಿಕಿ ಕೀಸ್ ಬೇಕೇ?’ ಎಂದು ಕೇಳುತ್ತದೆ. ಎಲ್ಲರೂ ಕಿರಿಕಿರಿಯಿಂದ ಬೇಡ ಎನ್ನುತ್ತಾರೆ. ನನ್ನ ಮಟ್ಟಿಗೆ, ಬೆರಳು ನೋಯುವವರು, ಒಂದೇ ಕೈಯಲ್ಲಿ ಟೈಪ್ ಮಾಡುವವರು ಬೇಕು ಎನ್ನಬೇಕು. ಆಗ ಶಿಫ್ಟನ್ನು ಹಿಡಿದಿಡುವುದು ಬೇಡ. ಒಮ್ಮೆ ತಟ್ಟಿ ಬಿಟ್ಟು, ಆಮೇಲೆ ನಿಧಾನಕ್ಕೆ ‘ಎಂ’ ಒತ್ತಿದರೂ ಸೊನ್ನೆ ಬೀಳುತ್ತದೆ. ಸಾಲಿಗೆರಡು ಸೊನ್ನೆ ಬರುವ ನಮ್ಮ ಭಾಷೆಗೆ ಇದು ಇಂಗ್ಲಿಷಿಗಿಂತ ಹೆಚ್ಚು ಉಪಯೋಗದ್ದು. ಬೆರಳು ಎತ್ತುವುದು ತಡವಾಗಿ ‘ನನನನ’ ಎಂದು ಬೀಳಿಸುವವರು ಕಂಟ್ರೋಲ್ ಪ್ಯಾನೆಲ್‌ನ ಕೀಬೋರ್ಡ್ ವಿಭಾಗದಲ್ಲಿ ‘ರಿಪೀಟ್ ಡಿಲೇ’ ಹೆಚ್ಚಿಸಿಕೊಳ್ಳಲಿ.

ಮೌಸ್‌ನದು ಸಣ್ಣ ಮಾತು. ಎಡಗೈಯವರು ಎಡ–ಬಲ ಗುಂಡಿಗಳನ್ನು ಅದಲುಬದಲು ಮಾಡಿಕೊಳ್ಳಬಹುದು. ಆದರೆ ಡಿಟಿಪಿ ಅಂಗಡಿಯಲ್ಲಿ ಒಂದೇ ಕಂಪ್ಯೂಟರಿಗೆ ಇಬ್ಬರು ಕೂರುವುದಾದರೆ ಜಗಳ ಖಂಡಿತ. ಇಬ್ಬರಿಗೂ ಬೇರೆ ಬೇರೆ ಯೂಸರ್ ಅಕೌಂಟ್ ಮಾಡಿಕೊಡಿ, ಅವರವರ ಮೌಸ್ ಅವರವರಿಗೆ. ಕೋರಲ್‌ಡ್ರಾನಲ್ಲಿ ಗೆರೆ ತಿದ್ದುವವರು ‘ಎನ್‌ಹ್ಯಾನ್ಸ್ ಪಾಯಿಂಟರ್ ಪ್ರಿಸಿಷನ್’ ತೆಗೆದುಬಿಡುವುದು ಒಳ್ಳೆಯದು. ಹೆಸರಲ್ಲಿ ನಿಖರತೆ ಇದ್ದರೂ ಕೈ ವೇಗವಾಗಿ ಬೀಸಿದಷ್ಟೂ ಬಾಣ ದೂರ ಹಾರುತ್ತದೆ.

ಪೆನ್ ಟ್ಯಾಬ್ಲೆಟ್ ಕೊಂಡವರು ಇನ್ನೊಂದು ಕಡೆ ಎಡವುತ್ತಾರೆ. ಹಲವು ಟ್ಯಾಬ್ಲೆಟ್‌ಗಳ ಹಲಗೆ 16:10 ಅಳತೆಯದು, ಪರದೆ 16:9. ಇಡೀ ಹಲಗೆಯನ್ನು ಇಡೀ ಪರದೆಗೆ ಹೊಂದಿಸಿದರೆ ಬರೆದದ್ದೆಲ್ಲ ಅಡ್ಡಕ್ಕೆ ಹಿಗ್ಗುತ್ತದೆ. ನೇರ ಗೆರೆಯ ರೋಮನ್ ಅಕ್ಷರದಲ್ಲಿ ಇದು ಅಷ್ಟಾಗಿ ಕಾಣದು. ದುಂಡು ಕನ್ನಡದಲ್ಲಿ ಮುಚ್ಚಿಡಲಾಗದು: ‘ಠ’ ಮೊಟ್ಟೆಯಾಗುತ್ತದೆ, ವಿಠ್ಠಲ ದೇಗುಲದ ಕಲ್ಲಿನ ರಥ ಬಿಡಿಸಹೊರಟರೆ ಚಕ್ರವೂ ಮೊಟ್ಟೆಯೇ. ಟ್ಯಾಬ್ಲೆಟ್‌ನ ಸೆಟ್ಟಿಂಗ್ಸ್‌ನಲ್ಲಿ ‘ಫೋರ್ಸ್ ಪ್ರಪೋರ್ಷನ್ಸ್’ ಅಥವಾ ಅಂಥದ್ದೇ ಆಯ್ಕೆಗೆ ಗುರುತು ಹಾಕಿ. ಹಲಗೆಯ ಎತ್ತರದಲ್ಲಿ ಹತ್ತನೇ ಒಂದು ಪಾಲು ಕೆಲಸಕ್ಕೆ ಬಾರದೆ ಉಳಿಯುತ್ತದೆ, ಉಳಿಯಲಿ.